ಕೂಗಳತೆಯ ಖಾನಾವಳಿ

ಬೀದರಿನಲ್ಲಿ ಬಾಡಿಗೆ ಕೋಣೆ ಹುಡುಕುವವರು ಮನೆ ಮಾಲೀಕರನ್ನು ಮೊದಲು ಕೇಳುವುದು ನೀರಿನ ಬಗ್ಗೆ, ಆಮೇಲೆ ಕರೆಂಟಿನ ಬಗ್ಗೆ, ಕೊನೆಗೆ ಊಟದ ಬಗ್ಗೆ. ಮೊದಲೆರಡಕ್ಕೆ ಮಾಲೀಕರಲ್ಲಿ ಉತ್ತರ ಸಿದ್ಧವಿರುತ್ತದೆ. ಬೋರ್ ಇದೆ, ಮೀಟರ್ ಬೇರೆ ಇದೆ. ಊಟದ ಮಾತು ಬಂದಾಗ ಮಾತ್ರ ಅವರು ಕೈ ಚಾಚಿ ದೂರದ ಯಾವುದೋ ಚೌಕಿನ ಕಡೆ ತೋರಿಸುತ್ತಾರೆ. ಗಾಡಿ ಇದ್ದವರಿಗೆ ಆ ಉತ್ತರ ಸಾಕು. ಗಾಡಿ ಇಲ್ಲದ ಹುಡುಗನಿಗೆ, ರಾತ್ರಿ ಪಾಳಿ ಮುಗಿಸಿ ಬಂದ ನರ್ಸಿಗೆ, ಒಂಟಿಯಾಗಿ ಬದುಕುವ ನಿವೃತ್ತ ಮೇಷ್ಟ್ರಿಗೆ ಅದು ಉತ್ತರವೇ ಅಲ್ಲ. ಊರಿನ ಸುತ್ತ ಎದ್ದು ನಿಂತಿರುವ ಲೇಔಟುಗಳ ಬೋರ್ಡುಗಳಲ್ಲಿ ರಿಂಗ್ ರೋಡು ಎಷ್ಟು ಹತ್ತಿರ, ಬಸ್ ನಿಲ್ದಾಣ ಎಷ್ಟು ನಿಮಿಷ, ಕಾಲೇಜು ಎಷ್ಟು ದೂರ ಎಂಬ ವಿವರವೆಲ್ಲ ಇರುತ್ತದೆ. ಒಂದು ಬಿಸಿ ರೊಟ್ಟಿ, ಒಂದು ಕಪ್ ಚಹಾ ಎಷ್ಟು ಹೆಜ್ಜೆ ದೂರದಲ್ಲಿ ಸಿಗುತ್ತದೆ ಎಂದು ಯಾರೂ ಬರೆಸಿರುವುದಿಲ್ಲ. ನನ್ನ ವಾದ ಇಷ್ಟೇ: ಮನೆಯಿಂದ ಹತ್ತು–ಹದಿನೈದು ನಿಮಿಷ ನಡೆದರೆ ಹೊಟ್ಟೆ ತುಂಬುವ ಊಟ ಸಿಗುವುದು ಬಡಾವಣೆಯ ಮೂಲಸೌಕರ್ಯ. ನಲ್ಲಿ, ಚರಂಡಿ, ಬೀದಿದೀಪಗಳ ಸಾಲಿನಲ್ಲಿಯೇ ಅದಕ್ಕೂ ಜಾಗ ಸಿಗಬೇಕು. ಇದನ್ನು ಹೋಟೆಲಿನವರ ಲಾಭ–ನಷ್ಟದ ವಿಷಯವೆಂದು ಕೈಬಿಟ್ಟಿರುವುದು ನಮ್ಮ ನಗರ ಯೋಜನೆಯ ದೊಡ್ಡ ಕೊರತೆ.

ಬೀದರಿನಂಥ ಊರಿನಲ್ಲಿ ಹೊರಗೆ ಉಣ್ಣುವವರು ಯಾರು ಎಂಬುದನ್ನು ಮೊದಲು ನೋಡಬೇಕು. ಹೊರಗಿನ ಊಟ ಎಂದ ಕೂಡಲೇ ಹುಟ್ಟುಹಬ್ಬ, ಭಾನುವಾರದ ಸಂಜೆ, ಎಸಿ ಕೋಣೆಗಳ ಚಿತ್ರ ಕಣ್ಣಿಗೆ ಬರುತ್ತದೆ. ಆ ಚಿತ್ರ ಬಹುಪಾಲು ಜನರಿಗೆ ಹೊಂದುವುದಿಲ್ಲ. ಶಾಹೀನ್ ಸಂಸ್ಥೆಗೆ ವೈದ್ಯಕೀಯ ಪ್ರವೇಶ ಪರೀಕ್ಷೆಯ ತಯಾರಿಗೆಂದು ಹೊರ ರಾಜ್ಯಗಳಿಂದಲೂ ಮಕ್ಕಳು ಬರುತ್ತಾರೆ. ಗುರುನಾನಕ ದೇವ್ ಇಂಜಿನಿಯರಿಂಗ್ ಕಾಲೇಜಿದೆ, ವೈದ್ಯಕೀಯ ಕಾಲೇಜಿದೆ, ಊರಾಚೆ ನಂದಿನಗರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವಿದೆ. ಹಾಸ್ಟೆಲಿನಲ್ಲಿ ಜಾಗ ಸಿಕ್ಕವರ ಮಾತು ಬೇರೆ, ಸಿಗದವರು ಓಣಿ ಓಣಿಗಳಲ್ಲಿ ಕೋಣೆ ಹಿಡಿದಿರುತ್ತಾರೆ. ಬ್ರಿಮ್ಸ್ ಆಸ್ಪತ್ರೆಗೆ ಔರಾದ, ಭಾಲ್ಕಿ, ಕಮಲನಗರದ ಹಳ್ಳಿಗಳಿಂದ ರೋಗಿಯ ಜೊತೆ ಬಂದವರು ವಾರಗಟ್ಟಲೆ ಇಲ್ಲೇ ಉಳಿಯಬೇಕಾಗುತ್ತದೆ. ಅವರಿಗೆ ಒಲೆಯೂ ಇಲ್ಲ, ಪಾತ್ರೆಯೂ ಇಲ್ಲ. ಗಾಂಧಿ ಗಂಜಿನಲ್ಲಿ ತೊಗರಿ, ಉದ್ದು, ಸೋಯಾ ಚೀಲ ಹೊರುವ ಹಮಾಲರು ಬೆಳಿಗ್ಗೆ ಮನೆ ಬಿಟ್ಟರೆ ಮಧ್ಯಾಹ್ನದ ಊಟಕ್ಕೆ ಮರಳುವಂತಿಲ್ಲ. ಬಸ್ಸಿನ ಚಾಲಕರು, ನಿರ್ವಾಹಕರು ನಡುರಾತ್ರಿ ಬಂದು ನಸುಕಿಗೆ ಹೊರಡುತ್ತಾರೆ. ಹೈದರಾಬಾದಿನಿಂದ ಬಿದರಿ ಸಾಮಾನು ಕೊಳ್ಳಲು ಬಂದವರು, ಕೋಟೆ ನೋಡಲು ಬಂದವರು ಈ ಲೆಕ್ಕದಲ್ಲಿ ಕೊನೆಗೆ ಬರುತ್ತಾರೆ. ಇಷ್ಟೆಲ್ಲ ಜನರಿಗೆ ಹೊರಗಿನ ಊಟ ದಿನದ ಅನ್ನ. ದಿನದ ಅನ್ನಕ್ಕೆ ದಿನವೂ ಆಟೋಗೆ ಹಣ ಕೊಡಬೇಕಾದರೆ ಊಟದ ಬೆಲೆ ಅಲ್ಲಿಗೇ ಒಂದೂವರೆ ಪಟ್ಟಾಗುತ್ತದೆ.

ಹಳೆ ಊರನ್ನು ಕಟ್ಟಿದವರಿಗೆ ಈ ತಿಳುವಳಿಕೆ ಇತ್ತು, ಅಥವಾ ಅವರ ಕಾಲ ಅವರಿಗೆ ಅದನ್ನು ಕಲಿಸಿತ್ತು. 15ನೇ ಶತಮಾನದಲ್ಲಿ ಬಹಮನಿ ಸುಲ್ತಾನರು ಕಲಬುರಗಿಯಿಂದ ರಾಜಧಾನಿಯನ್ನು ಬೀದರಿಗೆ ತಂದ ಮೇಲೆ ಬೆಳೆದ ಊರು ಅದು. ಕೋಟೆಯ ಮಗ್ಗುಲಲ್ಲಿ ಊರಿಗೆ ಪ್ರತ್ಯೇಕ ಗೋಡೆ. ಆ ಗೋಡೆಗೆ ಶಹಾಗಂಜ್, ಫತೇ, ದುಲ್ಹನ್, ಮಂಗಲಪೇಟೆ, ತಲಘಾಟ್ ಎಂಬ ಐದು ದರವಾಜೆಗಳು. ನಡುವೆ, ನಾಲ್ಕು ದಾರಿ ಕೂಡುವಲ್ಲಿ, 71 ಅಡಿ ಎತ್ತರದ ದುಂಡನೆಯ ಚೌಬಾರಾ. ಚೌಬಾರಾದಿಂದ ಮಹಮೂದ್ ಗವಾನ್ ಕಟ್ಟಿಸಿದ ಮದರಸಾಕ್ಕೆ ನಡೆದುಕೊಂಡು ಹೋಗಲು ಹೆಚ್ಚು ಹೊತ್ತು ಬೇಡ. 1472ರಲ್ಲಿ ಕಟ್ಟಿ ಮುಗಿದ ಆ ಮದರಸಾಕ್ಕೆ ಓದಲು ಬಂದ ಪರಸ್ಥಳದ ವಿದ್ಯಾರ್ಥಿಗಳಿಗೆ ವಾಸಕ್ಕೆ ಕೋಣೆಗಳಿದ್ದವು, ಪೇಟೆ ಕಾಲಬುಡದಲ್ಲಿತ್ತು. ಕುದುರೆ, ಪಲ್ಲಕ್ಕಿ ಇದ್ದವರು ಬೆರಳೆಣಿಕೆಯಷ್ಟು. ಉಳಿದ ಊರೆಲ್ಲ ನಡೆಯುವ ಊರು. ಹಾಗಾಗಿ ಅಂಗಡಿ ಕೆಳಗೆ, ಮನೆ ಮೇಲೆ, ಪಕ್ಕದಲ್ಲಿ ಮಸೀದಿಯೋ ಮಠವೋ, ಎದುರಿಗೆ ತಿಂಡಿಯ ಬಂಡಿ ಎಂಬ ಕ್ರಮ ತಾನಾಗಿ ಬಂತು. ಇಂದಿಗೂ ಚೌಬಾರಾ, ಉಸ್ಮಾನ್ ಗಂಜ್, ಶಹಾಗಂಜಿನ ಸುತ್ತಮುತ್ತ ಆ ಕ್ರಮ ಉಳಿದುಕೊಂಡಿದೆ. ನಸುಕಿನಲ್ಲಿ ಪಾಯಾ–ನಿಹಾರಿಯ ಡೇಗು, ಹೊತ್ತೇರಿದ ಮೇಲೆ ಸೂಸಲಾ, ಪೋಹಾ, ಮಿರ್ಚಿಭಜಿ, ಮಧ್ಯಾಹ್ನ ಬಿರಿಯಾನಿ, ಇಳಿಹೊತ್ತಿಗೆ ಇರಾನಿ ಚಹಾದ ಜೊತೆ ಉಸ್ಮಾನಿಯಾ ಬಿಸ್ಕತ್ತು, ಕತ್ತಲಾದ ಮೇಲೆ ಕಬಾಬಿನ ಹೊಗೆ. ಇದೆಲ್ಲವನ್ನು ಹುಡುಕಲು ನಕ್ಷೆ ಬೇಡ. ಮೂಗು ಸಾಕು, ಇಲ್ಲವೇ ದಾರಿಹೋಕರನ್ನು ಒಂದು ಮಾತು ಕೇಳಿದರೆ ಸಾಕು.

ಅಷ್ಟೇ ಅಲ್ಲ, ಈ ಸೀಮೆಗೆ ಹಸಿದವರಿಗೆ ಊಟ ಕಾಣಿಸುವುದು ಊರಿನ ಹೊಣೆ ಎಂಬ ಹಳೆಯ ಒಪ್ಪಂದವೂ ಇದೆ. 12ನೇ ಶತಮಾನದ ಕಲ್ಯಾಣದಲ್ಲಿ ಶರಣರು ದಾಸೋಹವನ್ನು ಕಾಯಕದ ಜೋಡಿಯಾಗಿ ನಿಲ್ಲಿಸಿದರು. ಬೀದರಿನ ನಾನಕ್ ಝೀರಾ ಗುರುದ್ವಾರದಲ್ಲಿ ಲಂಗರು ಹಗಲೂ ಇರುಳೂ ನಡೆಯುತ್ತದೆ. ಅಲ್ಲಿ ಸಾಲಾಗಿ ನೆಲದ ಮೇಲೆ ಕೂತವರನ್ನು ಯಾವ ಊರು, ಯಾವ ಜಾತಿ ಎಂದು ಕೇಳುವವರಿಲ್ಲ. ಭಾಲ್ಕಿಯ ಹಿರೇಮಠದಲ್ಲಿ, ಜಾತ್ರೆಯ ಹೊತ್ತಿಗೆ ಔರಾದಿನ ಅಮರೇಶ್ವರನ ಸನ್ನಿಧಿಯಲ್ಲಿ ಊಟಕ್ಕೆ ಪಂಕ್ತಿ ಕೂಡುತ್ತದೆ. ಇದು ಧರ್ಮದ ಮಾತಾಯಿತು, ನಗರ ಯೋಜನೆಗೆ ಏನು ಸಂಬಂಧ ಎಂದು ಕೇಳಬಹುದು. ಸಂಬಂಧ ಇದೆ. ಜನ ಓಡಾಡುವ ಕಡೆ ಅನ್ನ ಇರಬೇಕು ಎಂಬ ಅರಿವು ಹೊಸದಾಗಿ ಹೇಳಿಕೊಡಬೇಕಾದ ಪಾಠವಲ್ಲ ಎಂಬುದಕ್ಕೆ ಇವೇ ಸಾಕ್ಷಿ. ಸರಕಾರವೂ ಇದನ್ನು ಒಪ್ಪಿದೆ. 2017ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಇಂದಿರಾ ಕ್ಯಾಂಟೀನ್ ಶುರುವಾದಾಗ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ಎಂಬ ದರದಷ್ಟೇ ಮುಖ್ಯವಾಗಿದ್ದದ್ದು ಪ್ರತಿ ವಾರ್ಡಿಗೂ ಒಂದು ಎಂಬ ಲೆಕ್ಕ. ಅಗ್ಗದ ಊಟ ದೂರವಿದ್ದರೆ ಅಗ್ಗವಾಗಿ ಉಳಿಯುವುದಿಲ್ಲ ಎಂಬ ತಿಳುವಳಿಕೆ ಆ ಲೆಕ್ಕದೊಳಗಿತ್ತು. ಆಮೇಲೆ ಯೋಜನೆ ಬೇರೆ ಊರುಗಳಿಗೆ ಹರಡಿದಾಗ ವಾರ್ಡಿನ ಲೆಕ್ಕ ಹಿಂದೆ ಸರಿದು ಊರಿಗೆ ಒಂದೋ ಎರಡೋ ಎಂಬಂತಾಯಿತು.

ಕೂಗಳತೆಯಲ್ಲಿ ಇರಬೇಕಾದ್ದು ಎಂಥ ಹೋಟೆಲು? ನನ್ನ ಮನಸ್ಸಿನಲ್ಲಿರುವುದು ಖಾನಾವಳಿ. ಮುಂದಿನ ಕೋಣೆಯಲ್ಲಿ ನಾಲ್ಕು ಟೇಬಲ್ಲು, ಹಿಂದಿನ ಕೋಣೆಯಲ್ಲಿ ಒಲೆ. ಹಿಟ್ಟು ನಾದುವುದು ಒಬ್ಬರು, ರೊಟ್ಟಿ ಬಡಿಯುವುದು ಇನ್ನೊಬ್ಬರು, ಹಂಚಿನ ಮೇಲಿನ ರೊಟ್ಟಿಗೆ ಒದ್ದೆ ಅರಿವೆ ಸವರಿ ಮಗುಚುವುದು ಮತ್ತೊಬ್ಬರು. ರೊಟ್ಟಿ ಬಡಿಯುವ ಸದ್ದು ರಸ್ತೆಗೆ ಕೇಳುತ್ತದೆ, ಬೋರ್ಡಿಗಿಂತ ಮೊದಲು ಗಿರಾಕಿಯನ್ನು ಕರೆಯುವುದು ಅದೇ. ಸ್ಟೀಲಿನ ತಟ್ಟೆಯಲ್ಲಿ ಎರಡು ಬಿಸಿ ಜೋಳದ ರೊಟ್ಟಿ, ಬದನೆ ಎಣ್ಣೆಗಾಯಿ, ಒಂದು ಕಾಳಿನ ಪಲ್ಯ, ಪುಂಡಿಪಲ್ಯವೋ ಝುಣಕವೋ, ಅಂಚಿಗೆ ಶೇಂಗಾ ಹಿಂಡಿ, ಅದರ ಮೇಲೆ ಒಂದು ಚಮಚ ಮೊಸರು, ಹಸಿ ಉಳ್ಳಾಗಡ್ಡಿ, ಸೌತೆಕಾಯಿ. ಕೊನೆಗೆ ಒಂದು ಬಟ್ಟಲು ಅನ್ನ, ಬೇಳೆಸಾರು. ತಿಂಗಳ ಲೆಕ್ಕದವರ ಹೆಸರು ಗಲ್ಲೆಯ ಪಕ್ಕದ ನೋಟುಪುಸ್ತಕದಲ್ಲಿ. ಹುಡುಗನೊಬ್ಬ ಎರಡು ದಿನ ಕಾಣದಿದ್ದರೆ ಜ್ವರವೋ ಊರಿಗೆ ಹೋಗಿದ್ದಾನೋ ಎಂದು ರೂಮಿನ ಗೆಳೆಯರನ್ನು ಕೇಳುವವರು ಖಾನಾವಳಿಯ ಅಕ್ಕನೇ. ಈ ವಿಚಾರಣೆಗೆ ಯಾವ ಬಿಲ್ಲಿನಲ್ಲೂ ಕಾಲಂ ಇಲ್ಲ. ಆದರೆ ತಂದೆ–ತಾಯಿಯನ್ನು ಬಿಟ್ಟು ಬಂದ ಹದಿನೇಳರ ಹುಡುಗ ಊರಿನಲ್ಲಿ ಯಾರ ಗಮನದಲ್ಲೂ ಇಲ್ಲದೆ ಕಳೆದುಹೋಗದಂತೆ ಹಿಡಿದಿಡುವ ಕೆಲಸವನ್ನು ಅದು ಮಾಡುತ್ತದೆ. ಖಾನಾವಳಿ ನಡೆದು ಹೋಗುವ ದೂರದಲ್ಲಿದ್ದರೆ ಮಾತ್ರ ಈ ಗಮನ ಸಾಧ್ಯ. ಐದು ಕಿಲೋಮೀಟರ್ ಆಚೆಯ ಹೋಟೆಲಿನವರಿಗೆ ಗಿರಾಕಿಯ ಮುಖ ನೆನಪಿರುವುದಿಲ್ಲ.

ಹಾಗಿದ್ದರೆ ಹೊಸ ಬಡಾವಣೆಗಳಲ್ಲಿ ಖಾನಾವಳಿ ಯಾಕೆ ಕಾಣುವುದಿಲ್ಲ? ಗಿರಾಕಿ ಇಲ್ಲವೆಂದಲ್ಲ. ಉತ್ತರ ನಕ್ಷೆಯಲ್ಲಿದೆ. ನಮ್ಮ ಮಾಸ್ಟರ್ ಪ್ಲಾನುಗಳಲ್ಲಿ ವಾಸದ ಪ್ರದೇಶಕ್ಕೆ ಹಳದಿ ಬಣ್ಣ, ವಾಣಿಜ್ಯಕ್ಕೆ ನೀಲಿ. ಹಳದಿಯಲ್ಲಿ ಜನ ಮಲಗಬೇಕು, ನೀಲಿಗೆ ಹೋಗಿ ಕೊಳ್ಳಬೇಕು ಎಂಬುದು ಅದರ ಹಿಂದಿನ ಕಲ್ಪನೆ. ಕಾರ್ಖಾನೆಯ ಹೊಗೆಯನ್ನು ಮನೆಗಳಿಂದ ದೂರ ಇಡಲು ಪಶ್ಚಿಮದ ಊರುಗಳು ನೂರು ವರ್ಷದ ಹಿಂದೆ ಮಾಡಿಕೊಂಡ ಏರ್ಪಾಡು ಅದು. ಉದ್ದೇಶ ಒಳ್ಳೆಯದೇ. ಅದೇ ಅಳತೆಗೋಲನ್ನು ನಾಲ್ಕು ಟೇಬಲ್ಲಿನ ಖಾನಾವಳಿಗೂ ಹಿಡಿದದ್ದು ತಪ್ಪು. ಲೇಔಟಿನ ನಕ್ಷೆಯಲ್ಲಿ ಉದ್ಯಾನಕ್ಕೆ ಜಾಗವಿದೆ, ನಾಗರಿಕ ಸೌಲಭ್ಯಕ್ಕೆಂದು ಸಿ.ಎ. ನಿವೇಶನವಿದೆ. ಆ ನಿವೇಶನಗಳಲ್ಲಿ ಸಮುದಾಯ ಭವನ ಬರುತ್ತದೆ, ಶಾಲೆ ಬರುತ್ತದೆ, ಗುಡಿ ಬರುತ್ತದೆ. ಅಡುಗೆ ಮನೆ ಬರುವುದಿಲ್ಲ. ಮನೆಯ ಮುಂದಿನ ಕೋಣೆಯಲ್ಲೇ ಶುರು ಮಾಡೋಣವೆಂದರೆ ಮನೆಯ ಮೀಟರು ವಾಣಿಜ್ಯ ದರಕ್ಕೆ ಬದಲಾಗಬೇಕು, ಟ್ರೇಡ್ ಲೈಸೆನ್ಸ್ ಬೇಕು, ವಾಸದ ಪ್ರದೇಶ ಎಂಬ ತಕರಾರು ಯಾವಾಗ ಬೇಕಾದರೂ ಬರಬಹುದು. ಚಿಕ್ಕ ಬಂಡವಾಳದ ಹೆಣ್ಣುಮಗಳೊಬ್ಬಳು ಇಷ್ಟನ್ನೆಲ್ಲ ದಾಟಿ ಒಲೆ ಹಚ್ಚುವ ಹೊತ್ತಿಗೆ ಉಳಿತಾಯ ಕರಗಿರುತ್ತದೆ. ಜಪಾನಿನಲ್ಲಿ ಬೇರೆ ದಾರಿ ಹಿಡಿದಿದ್ದಾರೆ. ಅಲ್ಲಿ ಅತ್ಯಂತ ಕಟ್ಟುನಿಟ್ಟಿನ ವಾಸದ ವಲಯದಲ್ಲಿಯೂ ಮನೆಗೆ ಹೊಂದಿಕೊಂಡ ಚಿಕ್ಕ ಅಂಗಡಿಗೆ, ಅದು 50 ಚದರ ಮೀಟರ್ ಮೀರದೆ ಮನೆಯ ಅರ್ಧಕ್ಕಿಂತ ಕಡಿಮೆ ಇದ್ದರೆ, ಅವಕಾಶವಿದೆ. ಟೋಕಿಯೊದ ಮನೆಗಳ ಗಲ್ಲಿಗಳಲ್ಲಿ ಚಿಕ್ಕ ಚಿಕ್ಕ ಊಟದ ಮನೆಗಳು ಉಳಿದುಕೊಂಡದ್ದರಲ್ಲಿ ಇಂಥ ಸಡಿಲಿಕೆಯ ಪಾಲು ದೊಡ್ಡದು.

ನಮ್ಮ ರಾಜ್ಯದ ಉದಾಹರಣೆಯೇ ಬೇಕೆಂದರೆ ಬೆಂಗಳೂರಿನ ಗಾಂಧಿ ಬಜಾರಿನ ವಿದ್ಯಾರ್ಥಿ ಭವನವನ್ನು ನೋಡಬಹುದು. 1943ರಲ್ಲಿ ಅದು ಶುರುವಾದದ್ದು ಹತ್ತಿರದ ಶಾಲೆಗಳ ಹುಡುಗರಿಗೆ ತಿಂಡಿ ಕೊಡುವ ಸಣ್ಣ ಜಾಗವಾಗಿ, ಹೆಸರು ಬಂದದ್ದೂ ಹಾಗೆಯೇ. ಇಂದು ಊರಾಚೆಯಿಂದ ಕಾರಿನಲ್ಲಿ ಬಂದು ಸರದಿಯಲ್ಲಿ ನಿಲ್ಲುವವರಿಗೆ ಅದರ ಮಸಾಲೆ ದೋಸೆ ಗೊತ್ತು. ಆದರೆ ಅದನ್ನು ಬೆಳೆಸಿದವರು ನಡೆದು ಬರುತ್ತಿದ್ದ ಬಸವನಗುಡಿಯವರು. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಬಂತು. ಕುರ್ಚಿ ತೆಗೆದು, ನಿಂತು ತಿನ್ನುವ ಕಟ್ಟೆ ಮಾಡಿ, ಚಿಕ್ಕ ಜಾಗದಲ್ಲಿ ಕಡಿಮೆ ಬೆಲೆಗೆ ಚೊಕ್ಕ ತಿಂಡಿ ಕೊಡಬಹುದೆಂದು ಅದು ತೋರಿಸಿತು. ಮುಂದೆ ದರ್ಶಿನಿಗಳು ಬಡಾವಣೆ ಬಡಾವಣೆಗೂ ಹಬ್ಬಿದವು. ಬೆಂಗಳೂರಿನ ಹಳೆಯ ಬಡಾವಣೆಗಳ ವಾಸ ಹಿತವೆನಿಸುವುದಕ್ಕೆ ಮರಗಳಷ್ಟೇ ಈ ಕಟ್ಟೆಗಳೂ ಕಾರಣ. ಬೀದರಿನ ಖಾನಾವಳಿಗೂ ಅದೇ ಬೆಳವಣಿಗೆ ಸಾಧ್ಯವಿದೆ.

ಕಮಠಾಣದ ಸ್ಥಿತಿ ಬೇರೆ. ಬೀದರಿನಿಂದ ಹತ್ತು–ಹನ್ನೆರಡು ಕಿಲೋಮೀಟರ್ ದೂರದ ಈ ಹೋಬಳಿ ಊರಿಗೆ ದೊಡ್ಡ ಕೆರೆಯಿದೆ, ಪಾರ್ಶ್ವನಾಥನ ಬಸದಿಯಿದೆ, ಸುತ್ತಲ ಹಳ್ಳಿಗಳವರು ಬ್ಯಾಂಕಿಗೆ, ಗೊಬ್ಬರ–ಬೀಜಕ್ಕೆ, ಶಾಲೆಗೆ ಬಂದು ಹೋಗುವ ಕೇಂದ್ರ ಅದು. ಊರು ಚಿಕ್ಕದಾದ್ದರಿಂದ ಇಲ್ಲಿ ಎಲ್ಲವೂ ನಡೆಯುವ ದೂರದಲ್ಲಿಯೇ ಇದೆ. ಬಸ್ಸು ನಿಲ್ಲುವ ಕಡೆ ಚಹಾ, ಭಜಿ ಸಿಗುತ್ತದೆ. ಇಂಥ ಊರುಗಳ ತೊಂದರೆ ದೂರದ್ದಲ್ಲ, ಹೊತ್ತಿನದು. ಸಂತೆ ಕರಗಿ ಕೊನೆಯ ಬಸ್ಸು ಹೊರಟ ಮೇಲೆ ಪರಸ್ಥಳದವರಿಗೆ ಊಟ ಸಿಗುವುದು ಕಷ್ಟ. ಊಟ ಇರುವುದು ಹೆದ್ದಾರಿಯ ಢಾಬಾದಲ್ಲಿ, ಢಾಬಾ ಇರುವುದು ಲಾರಿ–ಕಾರುಗಳಿಗಾಗಿ. ಬೀದರ ಈಗ ನಗರಸಭೆಯಿಂದ ಮಹಾನಗರ ಪಾಲಿಕೆಯ ದರ್ಜೆಗೆ ಏರಿದೆ, ಲೇಔಟುಗಳು ಹೊಲಗಳನ್ನು ದಾಟಿ ನಾಲ್ಕೂ ದಿಕ್ಕಿಗೆ ಹರಿಯುತ್ತಿವೆ. ಕಮಠಾಣದ ಕಡೆಗೂ ಆ ಬೆಳವಣಿಗೆ ಬಂದಾಗ ಇಲ್ಲಿನ ನಡೆಯುವ ಊರು ಉಳಿಯುತ್ತದೋ, ಇಲ್ಲ ಹೆದ್ದಾರಿಯ ಅಂಚಿಗೆ ಅಂಟಿಕೊಂಡ ಅಂಗಡಿ ಸಾಲಾಗಿ ಬದಲಾಗುತ್ತದೋ ಎಂಬುದು ಇಂದಿನ ನಕ್ಷೆಯ ಮೇಲೆ ನಿಂತಿದೆ.

ಈ ವಾದಕ್ಕೆ ಎದುರು ಮಾತುಗಳಿವೆ. ಮೊದಲನೆಯದು ಹಿರಿಯರದು: ಮನೆಯಲ್ಲಿ ಮಾಡಿ ಉಣ್ಣುವ ಪದ್ಧತಿ ಹಾಳಾಗುತ್ತದೆ, ಮಕ್ಕಳು ಹೊರಗಿನ ರುಚಿಗೆ ಬೀಳುತ್ತಾರೆ. ಮನೆಯ ಅಡುಗೆಯ ಬಗ್ಗೆ ಇರುವ ಗೌರವದಲ್ಲಿ ನಾನು ಅವರ ಪಕ್ಷ. ಎಳ್ಳ ಅಮಾವಾಸ್ಯೆಯ ಭಜ್ಜಿ–ರೊಟ್ಟಿ–ಅಂಬಲಿ ಯಾವ ಹೋಟೆಲಿನಲ್ಲೂ ಹೊಲದಲ್ಲಿ ಕೂತು ಉಂಡಂತೆ ಆಗುವುದಿಲ್ಲ. ಆದರೆ ಮನೆಯ ಅಡುಗೆ ಎಂದಾಗ ಅದನ್ನು ಮಾಡುವವರು ಯಾರು ಎಂದೂ ಕೇಳಿಕೊಳ್ಳಬೇಕು. ಬೆಳಿಗ್ಗೆ ಅಂಗನವಾಡಿಗೋ ಗಾರ್ಮೆಂಟಿಗೋ ಕಚೇರಿಗೋ ಹೋಗಿ ಸಂಜೆ ಮರಳುವ ಹೆಣ್ಣುಮಗಳು ವಾರದಲ್ಲಿ ಎರಡು ದಿನ ಹತ್ತಿರದ ಖಾನಾವಳಿಯಿಂದ ಹತ್ತು ರೊಟ್ಟಿ ತರಿಸಿದರೆ ಸಂಸಾರ ಕೆಡುವುದಿಲ್ಲ, ಅವಳ ಬೆನ್ನು ಉಳಿಯುತ್ತದೆ. ಉತ್ತರ ಕರ್ನಾಟಕದ ಊರುಗಳಲ್ಲಿ ರೊಟ್ಟಿ ಮಾಡಿ ಮಾರುವುದೇ ನೂರಾರು ಹೆಣ್ಣುಮಕ್ಕಳಿಗೆ ಸ್ವಂತ ದುಡಿಮೆಯಾಗಿದೆ. ಒಬ್ಬಳ ಬೆನ್ನಿಗೆ ಬಿಡುವು, ಇನ್ನೊಬ್ಬಳ ಕೈಗೆ ಕಾಸು. ಇದರಲ್ಲಿ ಹಾಳಾಗುವ ಪದ್ಧತಿ ಯಾವುದೆಂದು ನನಗೆ ತೋರುವುದಿಲ್ಲ.

ಎರಡನೆಯದು ಕಿರಿಯರದು: ಫೋನಿನಲ್ಲಿ ಒತ್ತಿದರೆ ಊಟ ಬಾಗಿಲಿಗೆ ಬರುವಾಗ ನಡೆಯುವುದೇಕೆ? ಸ್ವಿಗ್ಗಿ 2014ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ್ದು, ಅದರ ಅನುಕೂಲವನ್ನು ಅಲ್ಲಗಳೆಯುವಂತಿಲ್ಲ. ಹಾಸಿಗೆ ಹಿಡಿದವರಿಗೆ, ಪರೀಕ್ಷೆಯ ಹಿಂದಿನ ರಾತ್ರಿಗೆ ಅದು ವರ. ಆದರೆ ಅದು ಊಟವನ್ನು ಸಾಗಿಸುತ್ತದೆ, ಬಡಾವಣೆಯಲ್ಲಿ ಅಡುಗೆ ಮನೆ ತೆರೆಸುವುದಿಲ್ಲ. ಹೋಟೆಲಿನವರು ಕಮಿಷನ್ ಕೊಡಬೇಕು, ಪ್ಯಾಕಿಂಗಿಗೆ ಹಾಕಬೇಕು, ಗಿರಾಕಿ ಡೆಲಿವರಿ ಶುಲ್ಕ ತೆರಬೇಕು. ಐವತ್ತು–ಅರವತ್ತು ರೂಪಾಯಿಯ ರೊಟ್ಟಿ ಊಟ ಆ ಭಾರ ಹೊರಲಾರದು, ಹೊರುವುದು ದುಬಾರಿ ಬಿರಿಯಾನಿ, ಪಿಜ್ಜಾಗಳು ಮಾತ್ರ. ಹಂಚಿನಿಂದ ಇಳಿದ ಜೋಳದ ರೊಟ್ಟಿ ಪ್ಲಾಸ್ಟಿಕ್ ಡಬ್ಬಿಯೊಳಗೆ ಇಪ್ಪತ್ತು ನಿಮಿಷ ಕೂತರೆ ಬೆವರಿ ಚರ್ಮದಂತಾಗುತ್ತದೆ ಎಂಬುದು ಉಂಡವರಿಗೆಲ್ಲ ಗೊತ್ತು. ಫೋನಿನ ನಕ್ಷೆಗೂ ಇದೇ ಮಿತಿ. ಬೋರ್ಡು ಬರೆಸಿ, ಫೋಟೊ ಹಾಕಿ, ನೂರು ಜನರಿಂದ ನಕ್ಷತ್ರ ಪಡೆದ ಹೋಟೆಲು ಅಲ್ಲಿ ದೊಡ್ಡದಾಗಿ ಕಾಣುತ್ತದೆ. ಮೂರನೇ ಮನೆಯ ಹಿತ್ತಲಿನಲ್ಲಿ ಇಪ್ಪತ್ತು ಜನರಿಗೆ ಅಡುಗೆ ಮಾಡುವ ಮೆಸ್ಸು ಅದರಲ್ಲಿ ಇರುವುದೇ ಇಲ್ಲ. ಹೊಸ ಊರಿಗೆ ಹೋದವರು ಊಟ ಹುಡುಕಬೇಕಾದರೆ ಆಟೋ ಸ್ಟ್ಯಾಂಡಿನವರನ್ನು, ಔಷಧಿ ಅಂಗಡಿಯವರನ್ನು ಕೇಳುವುದೇ ಇಂದಿಗೂ ನಂಬಿಕೆಯ ದಾರಿ, ಏಕೆಂದರೆ ಅವರು ದಿನವೂ ಅಲ್ಲೇ ಉಣ್ಣುವವರು.

ಮೂರನೆಯ ಆಕ್ಷೇಪ ನೆರೆಹೊರೆಯವರದು, ಅದಕ್ಕೆ ತೂಕ ಹೆಚ್ಚು. ಹೊಗೆ, ಎಣ್ಣೆ ವಾಸನೆ, ಮುಸುರೆ ನೀರು ಚರಂಡಿಗೆ, ಬಾಗಿಲಿಗೆ ಅಡ್ಡ ನಿಲ್ಲಿಸಿದ ಬೈಕುಗಳು, ರಾತ್ರಿಯ ಗದ್ದಲ. ಇವೆಲ್ಲ ಇಲ್ಲದ್ದನ್ನು ಹೇಳಿದ್ದಲ್ಲ. ಆದರೆ ಬೈಕುಗಳು ಯಾಕೆ ಬರುತ್ತವೆ ಎಂದು ನೋಡಿದರೆ, ಇಡೀ ಬಡಾವಣೆಗೆ ಒಂದೇ ಹೋಟೆಲ್ ಇರುವುದರಿಂದ. ಪ್ರತಿ ಓಣಿಯ ತಿರುವಿಗೆ ಒಂದು ಚಿಕ್ಕದಿದ್ದರೆ ಯಾರೂ ಗಾಡಿ ತೆಗೆಯುವುದಿಲ್ಲ. ಉಳಿದವಕ್ಕೆ ನಿಯಮ ಬೇಕು. ಎಷ್ಟು ಟೇಬಲ್ಲು, ಎಷ್ಟು ಗಂಟೆಯ ತನಕ, ಮುಸುರೆಗೆ ಎಲ್ಲಿ ತೊಟ್ಟಿ, ಹೊಗೆಗೆ ಎಷ್ಟು ಎತ್ತರದ ಕೊಳವೆ ಎಂದು ಪಾಲಿಕೆ ಒಂದು ಹಾಳೆಯಲ್ಲಿ ಬರೆದು ಕೊಡಬಹುದು. ಶುಚಿತ್ವದ ಮಾತಿಗೆ 2006ರ ಆಹಾರ ಸುರಕ್ಷತಾ ಕಾಯ್ದೆ ಇದೆ, ಚಿಕ್ಕ ವ್ಯಾಪಾರಿಗಳಿಗೆ ಅದರಲ್ಲಿ ಸರಳ ನೋಂದಣಿಯ ದಾರಿಯೂ ಇದೆ. ಬಂಡಿಯವರಿಗೆ 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಇದೆ. ಪಟ್ಟಣ ವ್ಯಾಪಾರ ಸಮಿತಿ ರಚಿಸಬೇಕು, ಅದರಲ್ಲಿ ಶೇ. 40ರಷ್ಟು ಸದಸ್ಯರು ವ್ಯಾಪಾರಿಗಳೇ ಇರಬೇಕು, ಸಮೀಕ್ಷೆ ಮುಗಿಯುವ ತನಕ ಯಾರನ್ನೂ ಎಬ್ಬಿಸಬಾರದು ಎನ್ನುತ್ತದೆ ಆ ಕಾಯ್ದೆ. ಕಾನೂನು ಇಷ್ಟು ಸ್ಪಷ್ಟವಿದ್ದರೂ ಗಣ್ಯರ ಭೇಟಿಯ ಹಿಂದಿನ ದಿನ ಬಂಡಿಗಳನ್ನು ಲಾರಿಗೆ ಏರಿಸುವ ನೋಟ ನಮ್ಮ ಊರುಗಳಲ್ಲಿ ಹೊಸದಲ್ಲ. ಊರಿಗೆ ಉಣಿಸುವವರನ್ನು ಕಸದಂತೆ ಗುಡಿಸುವುದು ಅನ್ಯಾಯ, ಇದನ್ನು ಮೆತ್ತಗೆ ಹೇಳುವುದರಲ್ಲಿ ಅರ್ಥವಿಲ್ಲ.

ಇವೆಲ್ಲಕ್ಕಿಂತ ಕಠಿಣವಾದ ಪ್ರಶ್ನೆ ಇನ್ನೊಂದಿದೆ. ಹತ್ತಿರ ಎಂದರೆ ಯಾರಿಗೆ ಹತ್ತಿರ? ಹೆಜ್ಜೆಯ ಲೆಕ್ಕದಲ್ಲಿ ಎದುರು ಮನೆಯಷ್ಟು ಸಮೀಪವಿದ್ದ ಹೋಟೆಲು ಜಾತಿಯ ಲೆಕ್ಕದಲ್ಲಿ ಊರಾಚೆ ಇದ್ದ ಕಾಲ ಬಹಳ ಹಿಂದಿನದಲ್ಲ. ಬೇರೆ ಲೋಟ, ಹೊರಗಿನ ಕಟ್ಟೆ, ಕುಡಿದ ಕಪ್ಪನ್ನು ತಾವೇ ತೊಳೆದಿಡಬೇಕು ಎಂಬ ಕಟ್ಟಳೆ ನಮ್ಮ ಹಳ್ಳಿಗಳ ಚಹಾದಂಗಡಿಗಳಲ್ಲಿ ನಡೆದದ್ದು ಎಲ್ಲರಿಗೂ ಗೊತ್ತು. ಅದಕ್ಕಾಗಿಯೇ ಸಂವಿಧಾನದ 15ನೇ ವಿಧಿ ಅಂಗಡಿ, ಸಾರ್ವಜನಿಕ ಉಪಾಹಾರ ಗೃಹ, ಹೋಟೆಲುಗಳ ಪ್ರವೇಶವನ್ನು ಹೆಸರು ಹಿಡಿದು ಹೇಳುತ್ತದೆ. ಸಮಾನತೆಯ ಮಾತಾಡುವಾಗ ಹೋಟೆಲನ್ನೂ ಬಾವಿ–ಕೆರೆಯನ್ನೂ ಒಂದೇ ಉಸಿರಿನಲ್ಲಿ ನೆನೆದವರಿಗೆ, ಒಟ್ಟಿಗೆ ಕೂತು ಉಣ್ಣುವುದರ ಅರ್ಥ ಚೆನ್ನಾಗಿ ಗೊತ್ತಿತ್ತು. ಪೇಟೆಯ ಹೋಟೆಲಿನಲ್ಲಿ ಯಾರೂ ಯಾರನ್ನೂ ಗುರುತಿಸುವುದಿಲ್ಲ, ಹಾಗಾಗಿ ಭೇದ ಸುಲಭಕ್ಕೆ ಕರಗುತ್ತದೆ. ಓಣಿಯ ಖಾನಾವಳಿಯಲ್ಲಿ ಎಲ್ಲರೂ ಎಲ್ಲರಿಗೂ ಗೊತ್ತು, ಆದ್ದರಿಂದ ಅದು ಮತ್ತೆ ಒಂದೇ ಜಾತಿಯವರ ಅಡ್ಡೆಯಾಗುವ ಅಪಾಯವಿದೆ. ನನ್ನ ವಾದಕ್ಕೆ ಇದು ನಿಜವಾದ ತೊಡಕು. ಇದಕ್ಕೆ ನನಗೆ ತೋಚುವ ದಾರಿ ಒಂದೇ: ಅನುಮತಿ ಸುಲಭವಾಗಬೇಕು, ಜೊತೆಗೆ ಆ ಅನುಮತಿಯಲ್ಲಿ ಎಲ್ಲರಿಗೂ ಪ್ರವೇಶ ಎಂಬ ಷರತ್ತು ಇರಬೇಕು, ಸಿ.ಎ. ನಿವೇಶನದ ಅಡುಗೆ ಮನೆಗಳನ್ನು ಹಂಚುವಾಗ ಎಲ್ಲ ಸಮುದಾಯದ ಹೆಣ್ಣುಮಕ್ಕಳ ಸಂಘಗಳಿಗೂ ಪಾಲು ಸಿಗಬೇಕು. ಲಂಗರಿನ ಪಂಕ್ತಿ ಇದೇ ಊರಿನಲ್ಲಿ ಇದ್ದು ತೋರಿಸುತ್ತಿರುವುದನ್ನು ಖಾನಾವಳಿ ಕಲಿಯಲಾರದೆಂದು ನಾನು ನಂಬುವುದಿಲ್ಲ.

ಹೆಣ್ಣುಮಕ್ಕಳ ಮಟ್ಟಿಗೂ ದೂರದ ಅಳತೆ ಬೇರೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಔರಾದ–ಭಾಲ್ಕಿಗಳಿಂದ ಬೀದರಿಗೆ ಒಂಟಿಯಾಗಿ ಬರುವ ಹೆಂಗಸರು ಹೆಚ್ಚಾಗಿದ್ದಾರೆ. ಬಸ್ಸು ಪುಕ್ಕಟೆಯಾಯಿತು, ಮಧ್ಯಾಹ್ನದ ಊಟ ಎಲ್ಲಿ? ಗಂಡಸರೇ ತುಂಬಿ ನಿಂತ ಚಹಾದ ಕಟ್ಟೆಗೆ ಅವರು ಹೋಗುವುದಿಲ್ಲ. ಫ್ಯಾಮಿಲಿ ರೂಮ್ ಎಂದು ಬರೆದ ಕತ್ತಲೆ ಕೋಣೆಗೂ ಹೋಗಲು ಮುಜುಗರ. ಬುತ್ತಿ ಕಟ್ಟಿಕೊಂಡು ಬಂದು ಬಸ್ ನಿಲ್ದಾಣದ ಬೆಂಚಿನ ಮೇಲೆ ಬಿಚ್ಚುತ್ತಾರೆ, ಇಲ್ಲವೇ ಉಪವಾಸ ಮರಳುತ್ತಾರೆ. ಬೆಳಕಿರುವ, ರಸ್ತೆಗೆ ತೆರೆದಿರುವ, ಹೆಂಗಸರೇ ಗಲ್ಲೆಯಲ್ಲಿ ಕೂತಿರುವ ಖಾನಾವಳಿ ಹತ್ತು ಹೆಜ್ಜೆಯಲ್ಲಿದ್ದರೆ ಈ ಮಾತಿಗೆ ಎಡೆಯೇ ಇರುತ್ತಿರಲಿಲ್ಲ. ತೆರೆದ ಹೋಟೆಲಿನ ಬೆಳಕು ರಾತ್ರಿ ಒಂಬತ್ತಕ್ಕೆ ಟ್ಯೂಷನ್ ಮುಗಿಸಿ ನಡೆದು ಬರುವ ಹುಡುಗಿಗೂ ಕಾವಲು. ಅಮೆರಿಕದ ಜೇನ್ ಜೇಕಬ್ಸ್ 1961ರಲ್ಲಿ ಬರೆದ ಪುಸ್ತಕದಲ್ಲಿ, ಬೀದಿಯನ್ನು ಕಾಯುವುದು ಪೊಲೀಸರಿಗಿಂತ ಹೆಚ್ಚಾಗಿ ಅಂಗಡಿ, ಹೋಟೆಲುಗಳಲ್ಲಿ ಕೂತವರ ಕಣ್ಣು ಎಂದು ವಾದಿಸಿದ್ದರು. ಶಹಾಗಂಜಿನ ಸಂಜೆಯನ್ನು ನೋಡಿದವರಿಗೆ ಅದಕ್ಕೆ ಬೇರೆ ಪುರಾವೆ ಬೇಡ.

ಇನ್ನು ಬಾರಿನ ಮಾತು. ಊಟದ ಮನೆ ನಡೆಯುವ ದೂರದಲ್ಲಿರಲಿ ಎನ್ನುವವರು ಬಾರೂ ಇರಲಿ ಎನ್ನಬೇಕೇ? ಇದನ್ನು ಮುಚ್ಚಿಟ್ಟು ಮುಂದೆ ಹೋಗುವುದು ಪ್ರಾಮಾಣಿಕತೆಯಲ್ಲ. 2007ರ ಜುಲೈನಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು, ಕುಡಿತ ನಿಲ್ಲಲಿಲ್ಲ. 2019ರ ಜನವರಿಯಲ್ಲಿ ಮದ್ಯ ನಿಷೇಧ ಕೇಳಿಕೊಂಡು ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದೇ ಹೋದರು. ಅವರ ನೋವನ್ನು ಕೇಳಿದವರು ಓಣಿಗೊಂದು ಬಾರ್ ಇರಲಿ ಎನ್ನಲಾರರು, ನಾನೂ ಎನ್ನುವುದಿಲ್ಲ. ಶಾಲೆ, ಗುಡಿ–ಮಸೀದಿ, ಆಸ್ಪತ್ರೆಯಿಂದ 100 ಮೀಟರ್ ದೂರ ಇರಬೇಕೆಂಬ ಅಬಕಾರಿ ನಿಯಮ ಸರಿಯಾದದ್ದು, ಮನೆಗಳ ಓಣಿಗೂ ಅಂಥ ರಕ್ಷಣೆ ಬೇಕು. ಆದರೆ ಊರಿನಿಂದ ಪೂರ್ತಿ ಹೊರಗೆ ತಳ್ಳುವುದು ಇನ್ನೂ ಕೆಟ್ಟದ್ದು. 2016ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೆದ್ದಾರಿಗಳಿಂದ 500 ಮೀಟರ್ ಒಳಗೆ ಮದ್ಯ ಮಾರಾಟ ಕೂಡದು ಎಂದದ್ದು ರಸ್ತೆಯ ಸಾವುಗಳನ್ನು ನೋಡಿ. ಮುಂದಿನ ವರ್ಷ ಚಿಕ್ಕ ಊರುಗಳಿಗೆ ಆ ದೂರವನ್ನು 220 ಮೀಟರಿಗೆ ಇಳಿಸಿತು, ಪುರಸಭೆ–ನಗರಸಭೆಗಳ ವ್ಯಾಪ್ತಿಗೆ ಅನ್ವಯಿಸದು ಎಂದೂ ಸ್ಪಷ್ಟಪಡಿಸಿತು. ಆ ತೀರ್ಪಿನ ಹಿಂದಿನ ಕಳವಳ ಮಾತ್ರ ಹಾಗೆಯೇ ಉಳಿದಿದೆ: ಕುಡಿದವನು ಗಾಡಿ ಹತ್ತಬಾರದು. ಊರಾಚೆಯ ಬಾರಿಗೆ ನಡೆದು ಹೋಗುವವರಿಲ್ಲ, ನಡೆದು ಬರುವವರೂ ಇಲ್ಲ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದರೆ ಅಪರಾಧ ಎನ್ನುತ್ತದೆ ಮೋಟಾರು ವಾಹನ ಕಾಯ್ದೆ, 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ. ಹಾಗೆಂದು ಬರೆದಿಟ್ಟು ಬಾರನ್ನು ಐದು ಕಿಲೋಮೀಟರ್ ಆಚೆ ಇಡುವುದು ಒಂದು ಕೈಯಲ್ಲಿ ತಡೆದು ಇನ್ನೊಂದು ಕೈಯಲ್ಲಿ ತಳ್ಳಿದಂತೆ. ವೈನ್ ಶಾಪುಗಳದು ಬೇರೆ ಗೋಳು. ಅಲ್ಲಿ ಕೂತು ಕುಡಿಯಲು ಪರವಾನಗಿ ಇಲ್ಲ, ಆದ್ದರಿಂದ ಕೊಂಡವರು ಪಕ್ಕದ ಖಾಲಿ ನಿವೇಶನದಲ್ಲಿ, ಹೊಲದ ಬದುವಿನಲ್ಲಿ, ಶಾಲೆಯ ಗೋಡೆಯ ಹಿಂದೆ ಕೂರುತ್ತಾರೆ. ಬೆಳಿಗ್ಗೆ ಒಡೆದ ಬಾಟಲಿ ತುಳಿಯುವುದು ಮಕ್ಕಳ ಕಾಲು. ಊಟ ಸಿಗುವ, ಬಾಗಿಲು ಮುಚ್ಚುವ ಹೊತ್ತು ನಿಗದಿಯಾದ, ಪೇಟೆಯ ನಡುವಿನ ಬಾರ್ ಅಂಡ್ ರೆಸ್ಟೋರೆಂಟು ಇದಕ್ಕಿಂತ ಮೇಲು ಎಂಬುದು ನನ್ನ ನಿಲುವು. ಊಟ ಓಣಿಯಲ್ಲಿರಲಿ, ಕುಡಿತ ಪೇಟೆಯಲ್ಲಿರಲಿ, ಎರಡೂ ಹೆದ್ದಾರಿಗೆ ಓಡಿಹೋಗದಿರಲಿ.

ನಡೆಯುವ ದೂರ ಎಂದು ಇಷ್ಟು ಹೊತ್ತು ಹೇಳಿದ್ದಕ್ಕೆ ನಡೆಯುವ ದಾರಿಯೂ ಇರಬೇಕಲ್ಲವೇ? ಮೇ ತಿಂಗಳಲ್ಲಿ ಬೀದರಿನ ಬಿಸಿಲು 40 ಡಿಗ್ರಿಯ ಮೇಲೇರುತ್ತದೆ. ಬೇವಿನ ನೆರಳಿಲ್ಲದ, ಫುಟ್‌ಪಾತಿನ ಮೇಲೆ ಟ್ರಾನ್ಸ್‌ಫಾರ್ಮರೂ ಮರಳಿನ ರಾಶಿಯೂ ಕೂತಿರುವ ರಸ್ತೆಯಲ್ಲಿ ಅರ್ಧ ಕಿಲೋಮೀಟರೂ ಒಂದು ದೊಡ್ಡ ಪಯಣ. ಹಳೆ ಊರಿನ ಗಲ್ಲಿಗಳು ಇಕ್ಕಟ್ಟಾಗಿದ್ದುದರಿಂದಲೇ ಮಧ್ಯಾಹ್ನವೂ ಒಂದು ಬದಿಗೆ ನೆರಳು ಬೀಳುತ್ತದೆ. ಹೊಸ ಬಡಾವಣೆಯ ನಲವತ್ತು ಅಡಿ ರಸ್ತೆಗೆ ನೆರಳು ಕೊಡುವುದು ಮರ ಮಾತ್ರ, ಅದನ್ನು ನೆಟ್ಟು ಉಳಿಸಿಕೊಳ್ಳಬೇಕಾದವರು ನಾವೇ.

ಮಹಾನಗರ ಪಾಲಿಕೆಯಾದ ಬೀದರಿಗೆ ಹೊಸ ನಕ್ಷೆ, ಹೊಸ ವಾರ್ಡುಗಳು, ಹೊಸ ಬೈಲಾಗಳು ಬೇಕಾಗುತ್ತವೆ. ಪ್ರತಿ ವಾರ್ಡಿನಲ್ಲಿ ಒಂದು ಸಿ.ಎ. ನಿವೇಶನವನ್ನು ಅಡುಗೆ ಮನೆಗೆ ಮೀಸಲಿಡಿ, ವಾಸದ ರಸ್ತೆಯಲ್ಲಿ ನಾಲ್ಕು ಟೇಬಲ್ಲಿನ ಖಾನಾವಳಿಗೆ ಒಂದೇ ಅರ್ಜಿಯಲ್ಲಿ ಅನುಮತಿ ಕೊಡಿ, ಪಟ್ಟಣ ವ್ಯಾಪಾರ ಸಮಿತಿಯ ಸಭೆಗಳನ್ನು ತಪ್ಪದೆ ನಡೆಸಿ ಎಂದು ಕೇಳಬೇಕಾದ ಹೊತ್ತು ಇದು. ಆಕ್ಷೇಪಣೆ ಸಲ್ಲಿಸಲು ಕರೆದಾಗ ನಿವೇಶನದ ಬೆಲೆ, ರಸ್ತೆಯ ಅಗಲದ ಬಗ್ಗೆ ಮಾತ್ರ ಬರೆಯಬೇಡಿ, ಊಟದ ಬಗ್ಗೆಯೂ ಒಂದು ಸಾಲು ಬರೆಯಿರಿ. ನಿಮ್ಮ ಓಣಿಯಲ್ಲಿ ಯಾರಾದರೂ ಮುಂದಿನ ಕೋಣೆಯ ಬಾಗಿಲು ತೆರೆದು ಒಲೆ ಹಚ್ಚಿದರೆ ಮೊದಲ ದಿನವೇ ದೂರು ಕೊಡಬೇಡಿ. ಹೋಗಿ ಒಂದು ಊಟ ಮಾಡಿ, ಹೊಗೆ ನಿಮ್ಮ ಕಿಟಕಿಗೆ ಬರುತ್ತಿದ್ದರೆ ಅದನ್ನೂ ಅಲ್ಲೇ ಕೂತು ಹೇಳಿ.